ಹೆಣ್ಣಿನ ಕಡೆಯ ಗ್ಲಾಸು

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ, ಏಳನೆಯ ತರಗತಿಯ ನಡುವೆ. ಸೋದರಮಾವ ಉಡುಪಿ ಕಡೆಯ ನಮ್ಮೂರಿನಿಂದ ನನ್ನನ್ನು ಅಹಮದಾಬಾದಿಗೆ ಕರೆತಂದು, ವಟ್ವಾದ ಕಾರ್ಖಾನೆಗಳ ನಡುವಿನ ಒಂದು ಕ್ಯಾಂಟೀನಿನಲ್ಲಿ ಲೋಟ ತೊಳೆಯಲು ನಿಲ್ಲಿಸಿದರು. ಬಣ್ಣದ ಕಾರ್ಖಾನೆಯವರು ಕುಡಿದಿಟ್ಟ ಲೋಟಗಳ ಮೇಲೆ ನೀಲಿ, ಹಳದಿ ಬೆರಳಚ್ಚುಗಳಿರುತ್ತಿದ್ದವು. ಬೂದಿ ಹಾಕಿ ತಿಕ್ಕಿದರೂ ಪೂರ್ತಿ ಹೋಗುತ್ತಿರಲಿಲ್ಲ. ಇದನ್ನು ಮುಚ್ಚಿಡಬೇಕೆಂದು ನನಗೆ ಒಂದು ದಿನವೂ ಅನ್ನಿಸಿದ್ದಿಲ್ಲ. ಅನ್ನಿಸಿದ್ದು ಬೇರೆಯವರಿಗೆ. ಕಳೆದ ತಿಂಗಳು ತೀರಿಕೊಂಡ ಮೇಜರ್ ಸಾಹೇಬರ ಬಗ್ಗೆ ಬರೆಯಲು ಕೂತರೆ ನಾನು ಅಲ್ಲಿಗೇ ಬಂದು ಮುಟ್ಟಬೇಕಾಗುತ್ತದೆ.

ಅವರು ಬೆಳಗಾವಿ ಕಡೆಯವರು. ಸೈನ್ಯದಿಂದ ನಿವೃತ್ತರಾದ ಮೇಲೆ ವಡೋದರದ ಯಾವುದೋ ಕಾರ್ಖಾನೆಯಲ್ಲಿ ಭದ್ರತೆಯ ಅಧಿಕಾರಿಯಾಗಿ ಬಂದು, ಆ ಕೆಲಸವೂ ಮುಗಿದ ಮೇಲೆ ಇಲ್ಲೇ ಉಳಿದರು. ಹೆಂಡತಿ ಮೊದಲೇ ಹೋಗಿದ್ದರು, ಮಕ್ಕಳಿರಲಿಲ್ಲ. ಅಲ್ಕಾಪುರಿಯಲ್ಲಿ, ನಾನು ಮುಂದೆ ಈ ಊರಿಗೆ ಬಂದು ಹಾಕಿದ ಹೋಟೆಲಿನ ಹಿಂದಿನ ಬೀದಿಯಲ್ಲಿ ಎರಡನೆಯ ಮಹಡಿಯ ಮನೆ. ಬೆಳಿಗ್ಗೆ ಏಳಕ್ಕೆ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಮುಖ ನೋಡಿಕೊಳ್ಳಬಹುದಾದ ಹಾಗೆ ಪಾಲಿಶ್ ಮಾಡಿದ ಬೂಟು. ಬಾಗಿಲಿನ ಎದುರಿನ ಮೇಜು ಖಾಲಿಯಿಲ್ಲದಿದ್ದರೆ ನಿಂತೇ ಇರುತ್ತಿದ್ದರು, ಬೇರೆಲ್ಲೂ ಕೂರುತ್ತಿರಲಿಲ್ಲ.

ಮೊದಲ ದಿನವೇ ಸಪ್ಲಾಯರ್ ತಂದ ಕಾಫಿಯನ್ನು ಅವರು ಮುಟ್ಟಲಿಲ್ಲ. ಲೋಟದೊಳಗೆ ಅವನ ಹೆಬ್ಬೆರಳು ಅದ್ದಿತ್ತು. ನಾನು ಗಲ್ಲಾದಲ್ಲಿದ್ದೆ. ಅವರು ಹಿಂದಿಯಲ್ಲಿ ಏನೂ ಹೇಳದೆ, ಗೋಡೆಯ ಮೇಲಿದ್ದ ಕೃಷ್ಣನ ಪಟದ ಕೆಳಗಿನ ಕನ್ನಡ ಅಕ್ಷರ ನೋಡಿ ನನ್ನ ಕಡೆ ತಿರುಗಿದರು.

"ಏನ್ ತಮ್ಮಾ, ಇಂವಾ ನನಗ ಕಾಫಿ ಕೊಡಾಕ ಬಂದಾನೋ, ಕಾಫಿಯೊಳಗ ಕೈ ತೊಳಕೊಳ್ಳಾಕ ಬಂದಾನೋ?"

ಬೇರೆ ಗಿರಾಕಿ ಹೀಗೆ ಹೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಕನ್ನಡದಲ್ಲಿ ಬೈಸಿಕೊಂಡು ಬಹಳ ಕಾಲವಾಗಿದ್ದರಿಂದಲೋ ಏನೋ, ಅಂದು ನಗು ಬಂತು. ಅಂದಿನಿಂದ ಅವರ ಕಾಫಿಯನ್ನು ನಾನೇ ತಂದಿಡತೊಡಗಿದೆ. ಮೊದಲ ಗುಟುಕಿಗೆ ಮುಂಚೆ ಅವರು ಲೋಟವನ್ನು ಭುಜದ ಮಟ್ಟಕ್ಕೆ ಎತ್ತಿ, ಒಂದು ಕ್ಷಣ ಹಿಡಿದು, ಆಮೇಲೆ ಬಾಯಿಗೆ ತರುತ್ತಿದ್ದರು. ಯಾರಿಗೆ ಸಾಹೇಬ್ರೆ ಎಂದು ಒಮ್ಮೆ ಕೇಳಿದೆ. ಯಾರಿಗೂ ಇಲ್ಲ, ಕೈಗೆ ಅಭ್ಯಾಸ ಆಗಿದೆ ಎಂದರು.

ಆ ಕೈಯ ಅಭ್ಯಾಸವೇ ನಮ್ಮ ಗೆಳೆತನಕ್ಕೆ ಕಾರಣವಾಯಿತು. ಸೈನ್ಯದವರ ಮದುವೆಗಳಿಗೆ ಸಸ್ಯಾಹಾರದ ಅಡುಗೆ ಮಾಡಿಕೊಡುವ ಕೆಲಸವನ್ನು ನನಗೆ ಹಿಡಿದುಕೊಟ್ಟವರು ಅವರೇ. ಅಂಥ ಮದುವೆಗಳಲ್ಲಿ ಬೆಳಿಗ್ಗೆ ಸಪ್ತಪದಿ, ಸಂಜೆ ಅವರದೇ ಇನ್ನೊಂದು ಶಾಸ್ತ್ರ. ಅಧಿಕಾರಿಗಳು ಎರಡು ಸಾಲಾಗಿ ನಿಂತು ಕತ್ತಿ ಎತ್ತಿ ಹಿಡಿಯುತ್ತಾರೆ, ಗಂಡು ಹೆಣ್ಣು ಅದರ ಕೆಳಗೆ ನಡೆದು ಬರುತ್ತಾರೆ. ಆಮೇಲೆ ಟೋಸ್ಟು, ಅಂದರೆ ಒಬ್ಬರು ಎದ್ದು ಇನ್ನೊಬ್ಬರ ಬಗ್ಗೆ ನಾಲ್ಕು ಮಾತಾಡಿ, ಎಲ್ಲರೂ ಗ್ಲಾಸು ಎತ್ತಿ ಅವರ ಆರೋಗ್ಯಕ್ಕೆಂದು ಕುಡಿಯುವುದು. ಮೊದಲನೆಯದು ರಾಷ್ಟ್ರಪತಿಗಳಿಗೆ. ಎರಡನೆಯದು ವಧೂವರರಿಗೆ, ಅದನ್ನು ಎತ್ತುವ ಹಕ್ಕು ಹೆಣ್ಣಿನ ಕಡೆಯ ಹಿರಿಯನದು. ಗಂಡು ಎದ್ದು ಉತ್ತರ ಹೇಳುತ್ತಾನೆ. ಗ್ಲಾಸನ್ನು ಅದರ ತೆಳು ಕಾಲಿನಲ್ಲಿ ಹಿಡಿಯಬೇಕು, ಹೊಟ್ಟೆ ಹಿಡಿದು ಬಿಸಿ ಮಾಡಬಾರದು. ಒಂದಕ್ಕೊಂದು ತಾಗಿಸಿ ಠಣ್ ಅನ್ನಿಸಬಾರದು. ಯಾರಿಗಾಗಿ ಎತ್ತಿದೆಯೋ ಅವರು ಕೂತೇ ಇರಬೇಕು, ತಮ್ಮ ಆರೋಗ್ಯಕ್ಕೆ ತಾವೇ ಕುಡಿಯಬಾರದು.

ಇವನ್ನೆಲ್ಲ ಮೇಜರ್ ಸಾಹೇಬರು ಮಂತ್ರ ಹೇಳಿಕೊಡುವ ಭಟ್ಟರ ಹಾಗೆ ಹೇಳಿಕೊಡುತ್ತಿದ್ದರು. ಗುಜರಾತಿನಲ್ಲಿ ಹೆಂಡ ನಿಷೇಧವಾದ್ದರಿಂದ ಛಾವಣಿಯ, ಅಂದರೆ ಸೈನ್ಯದ ದಂಡು ಪ್ರದೇಶದ, ಹೊರಗೆ ನಡೆಯುವ ಮದುವೆಗಳಲ್ಲಿ ಗ್ಲಾಸಿಗೆ ಏನು ಹಾಕುವುದು ಎಂಬ ಪ್ರಶ್ನೆ ಯಾವಾಗಲೂ ಏಳುತ್ತಿತ್ತು. ನೀರು ಹಾಕಿದರಾಯಿತಲ್ಲ ಎಂದೆ ಒಮ್ಮೆ.

"ಹುಚ್ಚಾ, ನೀರಾಗ ಯಾರ ಆರೋಗ್ಯಕ್ಕೂ ಕುಡೀಬಾರದು. ನೀರು ಎತ್ತಿದ್ರ ಅಂವಗ ಎಳ್ಳು ನೀರು ಬಿಟ್ಟಂಗ."

ಊರಿನಿಂದ ತರಿಸಿದ ಒಣ ಪುನರ್ಪುಳಿ ನನ್ನಲ್ಲಿತ್ತು. ಇಲ್ಲಿಯವರು ಅದನ್ನೇ ಕೋಕಮ್ ಎನ್ನುತ್ತಾರೆ. ಅದನ್ನು ನೆನೆಸಿ, ಸೋಸಿ, ಸಕ್ಕರೆ ಪಾಕ ಬೆರೆಸಿ ಕಾಲಿರುವ ಗ್ಲಾಸಿಗೆ ಹಾಕಿ ಅವರ ಮುಂದಿಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು. ಸೈನ್ಯದ ಅಧಿಕಾರಿಗಳ ಮೆಸ್ಸಿನಲ್ಲಿ ರಾಷ್ಟ್ರಪತಿಗಳಿಗೆ ಎತ್ತುವ ಕೆಂಪು ವೈನಿನ ಬಣ್ಣವೇ ಎಂದರು. ಆಮೇಲೆ ನಾನು ಅಡುಗೆ ಮಾಡಿದ ಎಲ್ಲ ಸೈನ್ಯದ ಮದುವೆಗಳಲ್ಲೂ ಗ್ಲಾಸಿಗೆ ಹೋದದ್ದು ಪುನರ್ಪುಳಿಯೇ.

ಅವರ ಹಟದ ಒಂದು ಕತೆ ಹೇಳಬೇಕು. ಸೂರತ್ತಿನ ಅಡಾಜಣ್‌ನಲ್ಲಿ ಸೀರೆ ವ್ಯಾಪಾರಿಯೊಬ್ಬನ ಮಗ ಸೈನ್ಯ ಸೇರಿ ಲೆಫ್ಟಿನೆಂಟ್ ಆಗಿದ್ದ. ಅವನ ಮದುವೆಯಲ್ಲಿ ರಾಷ್ಟ್ರಪತಿಗಳ ಟೋಸ್ಟು ಎತ್ತಲು ಇವರನ್ನೇ ಕರೆದಿದ್ದರು. ಇವರು ಗ್ಲಾಸು ಹಿಡಿದು ಎದ್ದು ನಿಂತು ನೋಡಿದರೆ, ಬಂದ ನೆಂಟರೆಲ್ಲ ಪಾನಕವೆಂದುಕೊಂಡು ಕುಡಿದು ಮುಗಿಸಿದ್ದಾರೆ. ಎಲ್ಲರಿಗೂ ಮತ್ತೆ ತುಂಬಿಸಿ ಎಂದು ನನಗೆ ಸನ್ನೆ ಮಾಡಿದರು. ನಾವು ಹಿಂದಿನ ಸಾಲು ತುಂಬಿಸುವಷ್ಟರಲ್ಲಿ ಮುಂದಿನ ಸಾಲಿನವರು ಮತ್ತೆ ಖಾಲಿ ಮಾಡಿದ್ದರು. ಇವರು ಮಾತೂ ಆಡಲಿಲ್ಲ, ಕೂರಲೂ ಇಲ್ಲ. ವ್ಯಾಪಾರಿಯ ತಮ್ಮ ಹತ್ತಿರ ಬಂದು, ಸಾಹೇಬರಿಗೆ ಗಂಟಲು ಕಟ್ಟಿದೆಯೇ, ಬಿಸಿನೀರು ತರಿಸಲೇ ಎಂದು ಕೇಳಿದ. ಕೊನೆಗೆ ಸಪ್ಲಾಯರುಗಳನ್ನು ಮೇಜಿಗೊಬ್ಬರಂತೆ ಕಾವಲು ನಿಲ್ಲಿಸಿ, ಯಾರೂ ಕುಡಿಯದ ಹಾಗೆ ನೋಡಿಕೊಂಡು, ಆಮೇಲೆ ಇವರು ಬಾಯಿ ತೆರೆದರು. ರೈಲಿನಲ್ಲಿ ವಾಪಸು ಬರುವಾಗ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವರು ನಗಲಿಲ್ಲ. ತಾವು ಮಾಡಿದ್ದು ಸರಿಯಾಗಿಯೇ ಇತ್ತು, ಇದರಲ್ಲಿ ನಗುವುದಕ್ಕೇನಿದೆ ಎಂಬ ಮುಖ.

ಇನ್ನೊಂದು ಮದುವೆ ಅಹಮದಾಬಾದಿನ ಛಾವಣಿಯಲ್ಲಿ. ಹುಡುಗಿಯ ತಂದೆ ಕರ್ನಲ್. ಗ್ಲಾಸು ಎತ್ತಿ ಮಗಳ ಹೆಸರು ಹೇಳಿದವರಿಗೆ ಮುಂದೆ ಮಾತು ಹೊರಡಲಿಲ್ಲ. ನಿಂತೇ ಇದ್ದರು, ಗ್ಲಾಸು ವಾಲಿ ಮೇಜಿನ ಬಿಳಿ ಬಟ್ಟೆಯ ಮೇಲೆ ಕೆಂಪು ಹನಿ ಬಿತ್ತು. ಅಷ್ಟು ಜನ ಅಧಿಕಾರಿಗಳಲ್ಲಿ ಒಬ್ಬನೂ ಕೆಮ್ಮಲಿಲ್ಲ, ಅವರ ಪರವಾಗಿ ಮಾತು ಮುಗಿಸಲು ಹೋಗಲಿಲ್ಲ. ನಾನು ಅಡುಗೆಯ ಮೇಜಿನ ಹಿಂದೆ ಚಡಪಡಿಸುತ್ತಿದ್ದೆ. ಪಕ್ಕಕ್ಕೆ ಬಂದ ಮೇಜರ್ ಸಾಹೇಬರಿಗೆ, ನೀವಾದರೂ ಹೋಗಿ ನಾಲ್ಕು ಮಾತು ಹೇಳಬಾರದೇ ಎಂದು ಪಿಸುಗುಟ್ಟಿದೆ.

"ಮಾತು ನಿಂತ್ರ ನಿಲ್ಲಲಿ ತಮ್ಮಾ. ಆ ಗ್ಲಾಸು ಅಂವಂದು. ಇನ್ನೊಬ್ಬ ಅದನ್ನ ಕೈಯಿಂದ ಕಸಕೊಂಡ್ರ ಅಂವಾ ಸಾಯೂತನಾ ಮರಿಯಂಗಿಲ್ಲ."

ಈ ಮಾತನ್ನು ಅವರು ಹೇಳಿದ್ದು ನನಗೆ. ಹೇಳಿದ ಜಾಗ, ಅವರ ಕೋಟಿನ ಮೇಲಿನ ಸಣ್ಣ ಪದಕಗಳ ಸಾಲು, ಎಲ್ಲ ನೆನಪಿದೆ.

ನನಗೊಬ್ಬಳು ತಂಗಿ. ನನಗಿಂತ ಬಹಳ ಚಿಕ್ಕವಳು. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಾಗ ಅವಳಿಗೆ ಆರೇಳು ವರ್ಷ. ನಾನು ಆಗ ವಡೋದರದ ಒಂದು ಹೋಟೆಲಿನಲ್ಲಿ ಸಪ್ಲಾಯರ್. ಮಾಲೀಕರ ಕಾಲು ಹಿಡಿದು ಅವಳನ್ನು ಕರೆತಂದು ಹಿಂದಿನ ದಾಸ್ತಾನು ಕೋಣೆಯಲ್ಲಿ ಇಟ್ಟುಕೊಂಡೆ. ಈರುಳ್ಳಿ ಮೂಟೆಗಳ ಮೇಲೆ ಹಲಗೆ ಹಾಕಿ ಅದನ್ನೇ ಮೇಜು ಮಾಡಿಕೊಂಡು ಅವಳು ಓದಿದಳು. ಶಾಲೆಗೆ ಹೋದರೆ ಬಟ್ಟೆ ಈರುಳ್ಳಿ ನಾರುತ್ತದೆ ಎಂದು ಹುಡುಗಿಯರು ಪಕ್ಕದಲ್ಲಿ ಕೂರಿಸುತ್ತಿರಲಿಲ್ಲವಂತೆ. ಆದರೂ ಪ್ರತಿ ವರ್ಷ ಮೊದಲನೆಯವಳು. ನಾನು ಸ್ವಂತ ಹೋಟೆಲು ಹಾಕಿದ ಮೇಲೆ ಮದುವೆಯಾದೆ. ಹೆಂಡತಿ ಬಂದ ಮೇಲೂ ತಂಗಿಯ ಫೀಸು ಕಟ್ಟಿದ ನಂತರವೇ ಉಳಿದ ಖರ್ಚು. ಓದಿ ಫಿಸಿಯೋಥೆರಪಿ ಕಲಿತು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಮೊಣಕಾಲು ಮುರಿದುಕೊಂಡು ಅಲ್ಲಿಗೆ ಬಂದ ಒಬ್ಬ ಕ್ಯಾಪ್ಟನ್, ಕಾಲು ಸರಿಯಾದ ಮೇಲೂ ಬರುತ್ತಲೇ ಇದ್ದ. ಡೆಹ್ರಾಡೂನಿನ ಕಡೆಯ ಹುಡುಗ. ತಂದೆ ನಿವೃತ್ತ ಬ್ರಿಗೇಡಿಯರ್.

ನನಗೆ ಅಡ್ಡಿ ಇರಲಿಲ್ಲ. ಹುಡುಗ ಒಳ್ಳೆಯವನು. ಬ್ರಿಗೇಡಿಯರು ಸಂಜೆಯ ಶಾಸ್ತ್ರ ತಮ್ಮ ಪದ್ಧತಿಯಂತೆಯೇ ಆಗಬೇಕೆಂದು ಹೇಳಿ ಕಳಿಸಿದಾಗ ನನಗೆ ಒಳಗೊಳಗೇ ಸಂತೋಷವೇ ಆಯಿತು. ಇಷ್ಟು ವರ್ಷ ಬೇರೆಯವರ ಮದುವೆಗಳಲ್ಲಿ ಮೇಜಿನ ಹಿಂದೆ ನಿಂತು ನೋಡಿದ್ದೆ. ಈ ಮದುವೆಯಲ್ಲಿ ಹೆಣ್ಣಿನ ಕಡೆಯ ಹಿರಿಯ ನಾನು. ತಂದೆಯಿಲ್ಲದಿದ್ದರೆ ಅಣ್ಣನೇ ಗ್ಲಾಸು ಎತ್ತಬೇಕು ಎಂದು ಮೇಜರ್ ಸಾಹೇಬರೂ ಹೇಳಿದರು.

ಮಧ್ಯಾಹ್ನ ಊಟದ ಗಲಾಟೆ ಮುಗಿದು ಹೋಟೆಲಿನ ಷಟರು ಅರ್ಧ ಇಳಿಸಿದ ಹೊತ್ತಿನಲ್ಲಿ ಅವರು ಬಂದು ನನಗೆ ಅಭ್ಯಾಸ ಮಾಡಿಸುತ್ತಿದ್ದರು. ಬೆನ್ನು ನೆಟ್ಟಗೆ, ಕಣ್ಣು ದೂರದ ಮೇಜಿನ ಮೇಲೆ, ಗ್ಲಾಸು ಭುಜಕ್ಕಿಂತ ಮೇಲೆ ಬೇಡ. ಏನು ಹೇಳಲಿ ಎಂದೆ. ನಿನಗೆ ಏನು ಗೊತ್ತಿದೆಯೋ ಅದನ್ನು ಹೇಳು ಎಂದರು. ನಾನು ವಟ್ವಾದ ಲೋಟಗಳನ್ನು ಹೇಳಿದೆ. ಈರುಳ್ಳಿ ಮೂಟೆ ಹೇಳಿದೆ. ಆ ಮೂಟೆಗಳ ಮೇಲೆ ಓದಿದ ಹುಡುಗಿ ಇಂದು ನಿಮ್ಮ ಮನೆಗೆ ಬರುತ್ತಿದ್ದಾಳೆ, ಅವಳ ಆರೋಗ್ಯಕ್ಕೆ ಎಂದು ಮುಗಿಸಿದೆ. ಹಿಂದಿಯಲ್ಲಿ ಹೇಳಿ, ಕೊನೆಯ ಒಂದು ಮಾತು ಮಾತ್ರ ಕನ್ನಡದಲ್ಲಿ. ಅವರು, ಇದರಲ್ಲಿ ಒಂದಕ್ಷರ ಬದಲಿಸಬೇಡ, ಸಿಪಾಯಿಗೆ ಇಂಥ ಮಾತೇ ತಾಗುವುದು ಎಂದರು. ತಂಗಿ ರಜೆ ಹಾಕಿ ಬಂದು ಗಲ್ಲಾದಲ್ಲಿ ಕೂತು ಆಹ್ವಾನ ಪತ್ರಿಕೆಗಳಿಗೆ ವಿಳಾಸ ಬರೆಯುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ಮುಂದಿನ ಲಕೋಟೆಗೆ ವಿಳಾಸ ಬರೆದಳು.

ತೊಂಬತ್ತೈದರ ಚಳಿಗಾಲ. ಮದುವೆಗೆ ಬಾಡಿಗೆಗೆ ಕೊಡುವ ಬಯಲನ್ನು ಇಲ್ಲಿ ಪಾರ್ಟಿ ಪ್ಲಾಟ್ ಎನ್ನುತ್ತಾರೆ. ಅಂಥದೊಂದರಲ್ಲಿ ಸಂಜೆಯ ಶಾಸ್ತ್ರ. ನಾನು ಹೊಲಿಸಿದ ಮೊದಲ ಸೂಟು ಹಾಕಿದ್ದೆ. ಅಡುಗೆಯ ಕಡೆ ತಿರುಗಿ ನೋಡಬಾರದೆಂದು ಹೆಂಡತಿ ಆಣೆ ಹಾಕಿಸಿದ್ದಳು. ಕತ್ತಿಗಳ ಕೆಳಗೆ ತಂಗಿ ನಡೆದು ಬಂದಾಗ ನನ್ನ ಎದೆ ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ರಾಷ್ಟ್ರಪತಿಗಳ ಟೋಸ್ಟು ಆಯಿತು. ಎಲ್ಲರೂ ಕೂತರು. ಒಬ್ಬ ಯುವ ಅಧಿಕಾರಿ ಮೇಜು ಕುಟ್ಟಿ, ಈಗ ಹೆಣ್ಣಿನ ಕಡೆಯವರು ಎಂದು ಕರೆದ.

ನಾನು ಕುರ್ಚಿಯ ಕೈ ಹಿಡಿದು ಏಳಬೇಕು, ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಮೇಜರ್ ಸಾಹೇಬರು ಎದ್ದು ನಿಂತಿದ್ದರು.

ನನಗೆ ದಾರಿ ಬಿಡಲು ಎದ್ದರೇನೋ ಎಂದುಕೊಂಡೆ. ಅವರು ಮಾತು ಶುರು ಮಾಡಿದರು. ಇಂಗ್ಲಿಷು. ನನಗೆ ಮಾತಾಡಲು ಬರದಿದ್ದರೂ ಕೇಳಿದರೆ ಅರ್ಥವಾಗುತ್ತದೆ, ಗಲ್ಲಾದಲ್ಲಿ ಕೂತವನಿಗೆ ಅಷ್ಟು ಬಂದೇ ಬರುತ್ತದೆ. ಹುಡುಗಿಯನ್ನು ಇಷ್ಟು ವರ್ಷದಿಂದ ಮಗಳಂತೆ ಬಲ್ಲೆ ಎಂದರು. ಅವಳ ವಿದ್ಯೆ, ಅವಳ ಸ್ವಭಾವ ಎಂದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, ಹೆಂಡವಿಲ್ಲದ ಈ ಒಣ ರಾಜ್ಯದಲ್ಲಿ ಕೋಕಮ್ಮನ್ನೇ ವೈನು ಮಾಡಿದ ನಮ್ಮ ಹೋಟೆಲಿನ ಗೆಳೆಯ ಎಂದರು. ಎಲ್ಲರೂ ನಕ್ಕರು. ಬ್ರಿಗೇಡಿಯರು ನನ್ನ ಕಡೆ ನೋಡಿ ಗ್ಲಾಸು ತೋರಿಸಿ ತಲೆದೂಗಿದರು. ಅಣ್ಣ ಎಂಬ ಮಾತು ಆ ಭಾಷಣದಲ್ಲಿ ಬರಲೇ ಇಲ್ಲ. ವಧೂವರರಿಗೆ ಎಂದು ಅವರು ಗ್ಲಾಸು ಎತ್ತಿದರು. ಬಯಲಿಗೆ ಬಯಲೇ ಎದ್ದು ನಿಂತಿತು.

ನಾನೂ ಎದ್ದೆ, ಕುಡಿದೆ. ಒಬ್ಬರ ಆರೋಗ್ಯಕ್ಕೆ ಒಮ್ಮೆ ಕುಡಿದಾದ ಮೇಲೆ ಇನ್ನೊಬ್ಬ ಎದ್ದು ಅದನ್ನೇ ಮತ್ತೆ ಹೇಳುವಂತಿಲ್ಲ. ಅದು ಮೊದಲು ಹೇಳಿದವನಿಗೆ ಮಾಡುವ ಅವಮಾನ. ಆ ನಿಯಮ ಗೊತ್ತಿಲ್ಲದ ಹೋಟೆಲಿನವನಾಗಿದ್ದರೆ ನಾನು ಧೈರ್ಯವಾಗಿ ಎದ್ದು ನನ್ನ ನಾಲ್ಕು ಮಾತು ಹೇಳಿಬಿಡುತ್ತಿದ್ದೆ. ನನ್ನ ದುರದೃಷ್ಟ, ನನಗೆ ಎಲ್ಲ ನಿಯಮ ಕಲಿಸಿದ್ದರು. ಹುಡುಗ ಎದ್ದು ಉತ್ತರ ಹೇಳಿದ. ಮೇಜರ್ ಅಂಕಲ್‌ಗೆ ಕೃತಜ್ಞತೆ ಹೇಳಿದ. ಇಷ್ಟು ರುಚಿಯಾದ ಊಟಕ್ಕೆ ಭಾಯಿಸಾಹೇಬರಿಗೂ ಹೇಳಿದ. ತಂಗಿ ತಲೆ ತಗ್ಗಿಸಿ ಕೂತಿದ್ದಳು. ಹೆಣ್ಣುಮಗಳು, ಮನೆ ಬಿಟ್ಟು ಹೋಗುವ ದುಃಖ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಏಳಕ್ಕೆ ಅವರು ಎಂದಿನಂತೆ ಬಂದು ಕೂತರು. ಕಾಫಿ ತಂದಿಟ್ಟೆ. ಕೂರಲಿಲ್ಲ, ನಿಂತೇ ಕೇಳಿದೆ.

"ಎಂತಕ್ಕೆ ಎದ್ದದ್ದು ಸಾಹೇಬ್ರೆ ನೀವು?"

"ಏಳಬೇಕಾತು."

"ಯಾರು ಹೇಳಿದ್ದು? ಬ್ರಿಗೇಡಿಯರ್ರಾ?"

"ಅದನ್ನ ಕೇಳಬ್ಯಾಡ ತಮ್ಮಾ. ನಿನ್ನ ಮಾತು ಭಾಳ ಚಲೋ ಇತ್ತು. ಅಷ್ಟ ತಿಳಕೋ."

"ಚಲೋ ಇದ್ದದ್ದಕ್ಕೆ ನುಂಗಿದ್ರಾ?"

ಅವರು ಲೋಟ ಕೈಗೆತ್ತಿಕೊಂಡರು. ನನ್ನ ಧ್ವನಿ ಏರಿತು. ಹೋಟೆಲಿನವನು ಬಾಯಿ ತೆರೆದರೆ ನಿಮ್ಮವರ ಮರ್ಯಾದೆ ಹೋಗುತ್ತಿತ್ತು, ಅಲ್ಲವೇ ಎಂದೆ. ಹೋಟೆಲಿನಲ್ಲಿ ಕೂತಿದ್ದ ಹತ್ತು ಜನ ಗಿರಾಕಿಗಳ ಎದುರೇ ಹೀಗೆ ಹೇಳಿದೆ. ಅವರು ಕಾಫಿಯನ್ನು ಕೊನೆಯ ತೊಟ್ಟಿನವರೆಗೆ ಕುಡಿದು, ಲೋಟವನ್ನು ಬಟ್ಟಲಿನಲ್ಲಿ ನೆಟ್ಟಗೆ ಇಟ್ಟರು.

"ನಾಳೆಯಿಂದ ಬೇರೆ ಹೋಟೆಲ್ ನೋಡಿಕೊಳ್ಳಿ," ಎಂದೆ.

ಅವರು ಎದ್ದು ಕುರ್ಚಿಯನ್ನು ಮೇಜಿನೊಳಗೆ ಸರಿಸಿ, ಆಯ್ತು ಎಂದು ಹೇಳಿ ಹೋದರು. ಬೇರೆಯವನಾಗಿದ್ದರೆ ನಾಲ್ಕು ದಿನ ಬಿಟ್ಟು ಬರುತ್ತಿದ್ದ. ಇವರು ಬರಲಿಲ್ಲ. ರಸ್ತೆಯ ಆಚೆ ಒಂದು ಚಹಾ ಗಾಡಿ ಇತ್ತು. ಪಾಯಸದಷ್ಟು ಸಿಹಿ ಮಾಡುವ ಆ ಚಹಾವನ್ನು ಅವರು ಹಿಂದೆ ಎಷ್ಟು ಹೀಯಾಳಿಸುತ್ತಿದ್ದರೆಂದರೆ ಅದನ್ನು ಕುಡಿಯುವವರ ಮೀಸೆಗೆ ಇರುವೆ ಮುತ್ತುತ್ತದೆ ಎನ್ನುತ್ತಿದ್ದರು. ನಾಲ್ಕು ವರ್ಷ ದಿನಾ ಬೆಳಿಗ್ಗೆ ಅದನ್ನೇ ಕುಡಿದರು. ಗಲ್ಲಾದಿಂದ ನನಗೆ ಕಾಣುತ್ತಿತ್ತು. ಅವರು ನನ್ನ ಕಡೆ ನೋಡಿದ್ದಿಲ್ಲ. ಬೇಕೆಂದೇ ಆ ಗಾಡಿಯನ್ನು ಆರಿಸಿಕೊಂಡರೆಂದು ನಾನು ಹೆಂಡತಿಯ ಹತ್ತಿರ ಬೈಯುತ್ತಿದ್ದೆ. ಅವಳು, ಅವರ ಮನೆಗೆ ಹತ್ತಿರದ್ದು ಅದೊಂದೇ ಅಲ್ಲವೇ ಎನ್ನುತ್ತಿದ್ದಳು.

ಕಳೆದ ತಿಂಗಳು ಅವರ ಕಟ್ಟಡದ ಕಾವಲುಗಾರ ಬಂದು ಹೇಳಿದ. ಮಲಗಿದಲ್ಲೇ ಹೋಗಿದ್ದರು. ಛಾವಣಿಯಿಂದ ಒಂದು ಗಾಡಿ, ತುತ್ತೂರಿಯವನು, ಆರೇಳು ಸೈನಿಕರು ಬಂದರು. ನಾನು ಸ್ಮಶಾನಕ್ಕೆ ಹೋಗಿ ಹಿಂದೆ ನಿಂತೆ. ಬೆಳಗಾವಿಯಿಂದ ಬಂದಿದ್ದ ಅಣ್ಣನ ಮಗ ನನ್ನನ್ನು ಯಾರೆಂದು ಕೇಳಿದ. ಹೋಟೆಲಿನವನು ಎಂದೆ.

ಭಾನುವಾರ ತಂಗಿ ಜಬಲ್ಪುರದಿಂದ ಫೋನು ಮಾಡಿದಾಗ ಸುದ್ದಿ ಹೇಳಿದೆ. ಲೈನು ಕಡಿಯಿತೆಂದು ಎರಡು ಸಲ ಹಲೋ ಎಂದೆ.

"ಅಣ್ಣಾ, ಅವತ್ತು ಅವರಿಗೆ ಏಳಿ ಅಂತ ಹೇಳಿದ್ದು ನಾನು," ಎಂದಳು.

ಅವಳ ಕನ್ನಡ ಅರ್ಧಂಬರ್ಧ. ಹಿಂದಿ ಬೆರೆಸಿ, ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಮದುವೆಯ ಹಿಂದಿನ ದಿನ ಅವರ ಮನೆಗೆ ಹೋಗಿದ್ದಳಂತೆ. ಈರುಳ್ಳಿ ಮೂಟೆ, ಲೋಟ ತೊಳೆದದ್ದು, ಇವು ಯಾವುವೂ ಅತ್ತೆ ಮಾವನ ಎದುರು, ಅಷ್ಟು ಅಧಿಕಾರಿಗಳ ಎದುರು ಬರಬಾರದು ಎಂದು ಕೇಳಿಕೊಂಡಳಂತೆ. ಅವರು ಒಪ್ಪಲಿಲ್ಲ. ಹೋಗಿ ನಿನ್ನ ಅಣ್ಣನಿಗೇ ಹೇಳು ಎಂದರಂತೆ. ಅವಳಿಂದ ಆಗಲಿಲ್ಲ. ಅಲ್ಲೇ ಕೂತು ಅತ್ತಳಂತೆ. ಕೊನೆಗೆ ಅವರು, ಆಯಿತು, ಅಂವಾ ನನ್ನನ್ನು ಬೈಯಲಿ, ನಿನ್ನನ್ನು ಬೈಯುವುದು ಬೇಡ ಎಂದರಂತೆ.

"ಅವರು ನಿಂಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ," ಎಂದಳು.

"ಇಲ್ಲ," ಎಂದೆ. "ಆ ಮೂಟೆಗಳಲ್ಲಿ ನಾಚಿಕೆ ಆಗೂದು ಎಂತ ಇತ್ತು?"

ಅವಳು ಅಳುತ್ತಿದ್ದಳು. ನಾನು ಫೋನು ಇಟ್ಟೆ.

ಈಗ ಜನ ನನ್ನಿಂದ ಒಂದು ಮಾತು ನಿರೀಕ್ಷಿಸುತ್ತಾರೆ ಎಂದು ನನಗೆ ಗೊತ್ತು. ಹೆಂಡತಿಯೂ ಅದನ್ನೇ ಹೇಳಿದಳು, ಎಂಥ ದೊಡ್ಡ ಮನುಷ್ಯರು ನೋಡಿ ಎಂದು. ದೊಡ್ಡವರು ಹೌದು. ಆದರೆ ಅವಳು ಅತ್ತಳೆಂದು ನನ್ನ ಗ್ಲಾಸನ್ನು ಅವಳಿಗೆ ಕೊಡಲು ಅದು ಇವರದಾಗಿತ್ತೇ? ನನ್ನನ್ನು ಮನೆಗೆ ಕರೆದು, ನಿನ್ನ ತಂಗಿಗೆ ನಾಚಿಕೆಯಂತೆ ಎಂದಿದ್ದರೆ ನನಗೆ ಒಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮರುದಿನ ಸೂಟು ಹಾಕಿಕೊಂಡು ಬಂದು ಎರಡೇ ಮಾತು ಹೇಳುತ್ತಿದ್ದೆ. ಮೂಟೆ ಇಲ್ಲದೆ, ಲೋಟ ಇಲ್ಲದೆ, ನಾನು ಇವಳ ಅಣ್ಣ ಎಂದಷ್ಟೇ. ಅಷ್ಟು ಹೇಳಲು ಏಳನೆಯ ತರಗತಿ ಸಾಕು. ಅವರು ನನ್ನನ್ನು ನೋವಿನಿಂದ ಕಾಪಾಡಲು ಹೋದರು. ಕಾಪಾಡಿಸಿಕೊಳ್ಳಬೇಕಾದವನು ನಾನಾಗಿರಲಿಲ್ಲ. ಹದಿಮೂರನೆಯ ವಯಸ್ಸಿನಿಂದ ನನ್ನನ್ನು ಯಾರೂ ಕಾಪಾಡಿದ್ದಿಲ್ಲ, ನಾನು ಕೇಳಿದ್ದೂ ಇಲ್ಲ. ಅಷ್ಟು ವರ್ಷ ನನ್ನ ಎದುರು ಕೂತ ಮನುಷ್ಯರಿಗೆ ಇದೊಂದು ತಿಳಿಯದೆ ಹೋಯಿತಲ್ಲ ಎಂಬುದೇ ನನ್ನ ಸಿಟ್ಟು. ಮೊದಲಿದ್ದದ್ದು ಬೇರೆ ಸಿಟ್ಟು, ಅದನ್ನು ಅವರ ಮುಖಕ್ಕೆ ಹೇಳಿ ಮುಗಿಸಿದ್ದೆ. ಇದನ್ನು ಹೇಳಲು ಅವರಿಲ್ಲ.

ತಂಗಿ ಆಮೇಲೂ ಭಾನುವಾರ ಫೋನು ಮಾಡುತ್ತಾಳೆ. ಹವೆ, ಮಕ್ಕಳು, ವರ್ಗಾವಣೆ ಮಾತಾಡುತ್ತೇವೆ.

ಈಗ ನನಗಿರುವುದು ಇಷ್ಟು. ಅಲ್ಕಾಪುರಿಯಲ್ಲಿ ಒಂದು ಹೋಟೆಲು, ಅಡಾಜಣ್‌ನಲ್ಲಿ ಹೋದ ವರ್ಷ ತೆರೆದ ಇನ್ನೊಂದು. ಎರಡೂ ಕಡೆ ಸೇರಿ ಮೂವತ್ತು ಜನ ಕೆಲಸದವರು. ಒಂದು ಮನೆ, ಒಂದು ವ್ಯಾನು. ಹೆಂಡತಿ, ಇಬ್ಬರು ಮಕ್ಕಳು, ಒಬ್ಬಳು ತಂಗಿ. ಒಂದು ಸಲ ಹಾಕಿದ ಒಂದು ಸೂಟು. ಬೆಳಿಗ್ಗೆ ಏಳಕ್ಕೆ ಬಂದು ಕೂರುವ ಗಿರಾಕಿಗಳು ಹದಿನೈದು ಇಪ್ಪತ್ತು ಮಂದಿ, ಅವರಲ್ಲಿ ಕನ್ನಡ ಮಾತಾಡುವವರು ಯಾರೂ ಇಲ್ಲ.